ಬಾಣಂತಿ ಕೋಣೆಯ ಮೆಣಸು

ನನಗೆ ಅನುಮಾನ ಜಾಸ್ತಿ ಎಂದು ಊರಲ್ಲೆಲ್ಲ ಹೇಳುತ್ತಾರೆ. ಹೇಳಲಿ. ಹಾಲಿನವನು ಎರಡು ದಿನ ನಗುನಗುತ್ತ ಮಾತಾಡಿದರೆ ಮೂರನೆಯ ದಿನ ಹಾಲಿಗೆ ಬೆರಳು ಅದ್ದಿ ನೋಡುವವಳು ನಾನು. ಕೆಲಸದವರು ತಡವಾಗಿ ಬಂದರೆ ಎಲ್ಲರೂ ಯೋಚಿಸುತ್ತಾರೆ, ಅವರು ಬೇಗ ಬಂದರೂ ನಾನು ಯೋಚಿಸುತ್ತೇನೆ. ಯಜಮಾನರು ಇದ್ದಾಗ "ಸುಮಿತ್ರಾ, ನೀನು ಪೊಲೀಸ್ ಇಲಾಖೆಗೆ ಸೇರ್ಬೇಕಿತ್ತು ಕಣೇ" ಅನ್ನುತ್ತಿದ್ದರು. ಅವರು ಹೋಗಿ ಏಳು ವರ್ಷವಾಗುತ್ತ ಬಂತು. ಅನುಮಾನ ಮಾತ್ರ ನನ್ನ ಜೊತೆಗೇ ಉಳಿದಿದೆ. ಅದರಿಂದ ನನಗೆ ನಷ್ಟವಾದದ್ದು ಕಡಿಮೆ ಎಂದೇ ಅಂದುಕೊಂಡಿದ್ದೆ.

ಹಾಗಾಗಿ ಆಗಸ್ಟ್ ತಿಂಗಳ ಒಂದು ಶನಿವಾರ ಸಂಜೆ ಕೀರ್ತಿಕುಮಾರ್ ಫೋನ್ ಮಾಡಿದಾಗ ಮೊದಲು ಅನುಮಾನ ಬಂದದ್ದು ಅವನ ಮೇಲೆಯೇ. ಕೀರ್ತಿ ನನ್ನ ಅಕ್ಕನ ಮಗ. ಕುಶಾಲನಗರದಲ್ಲಿ ಕಾಫಿ, ಶುಂಠಿ, ಕಾಳುಮೆಣಸು ಕೊಳ್ಳುವ ವ್ಯಾಪಾರಿ. ಸ್ವಂತ ಚಿಕ್ಕಮ್ಮನಿಗೂ ತೂಕದಲ್ಲಿ ಗೋಣಿಯ ಭಾರ ಕಳೆಯದೆ ಬಿಡುವವನಲ್ಲ.

"ಚಿಕ್ಕಮ್ಮ, ಮನೇಲಿ ಮೆಣಸೇನಾದ್ರೂ ಇದ್ರೆ ಸೋಮವಾರದೊಳಗೆ ಕೊಟ್ಬಿಡಿ."

"ಯಾಕೋ?"

"ದೆಹಲಿಯಿಂದ ಆರ್ಡರ್ ಬಂದಿದೆ. ಹೊರಗಡೆ ಮೆಣಸು ಇನ್ಮೇಲೆ ಎಷ್ಟ್ ಬೇಕಾದ್ರೂ ಬರ್ಬಹುದಂತೆ. ರೇಟು ಕುಸಿದೋಗುತ್ತೆ."

"ಶನಿವಾರ ಸಂಜೆ ಯಾವ ಸರ್ಕಾರಿ ಆಫೀಸು ತೆಗ್ದಿರುತ್ತೋ?"

"ಅದೇ ನಂಗೂ ಅರ್ಥ ಆಗ್ತಿಲ್ಲ," ಅಂದ.

ಭಾನುವಾರ ಬೆಳಿಗ್ಗೆ ಆ ಆದೇಶ ಎಲ್ಲರ ವಾಟ್ಸ್ಆಪ್‌ಗೂ ಬಂತು. ಒಂದೇ ಪುಟ. ಸಮುದ್ರದಾಚೆಯ ನೆರೆಯ ದ್ವೀಪಕ್ಕೂ ನಮಗೂ ಹಳೆಯ ಒಪ್ಪಂದವಿದೆ. ಅಲ್ಲಿಂದ ವರ್ಷಕ್ಕೆ ಇಷ್ಟೇ ಮೆಣಸು ಸುಂಕವಿಲ್ಲದೆ ಬರಬಹುದು, ಅದಕ್ಕಿಂತ ಹೆಚ್ಚು ತರುವುದಾದರೆ ಒಂದು ಕನಿಷ್ಠ ದರಕ್ಕಿಂತ ಕೆಳಗೆ ತರುವಂತಿಲ್ಲ. ಈ ಎರಡು ಬೇಲಿಗಳಿಂದಲೇ ನಮ್ಮ ಬಳ್ಳಿಗಳಿಗೆ ಬೆಲೆ ಇತ್ತು. ಆದೇಶ ಎರಡನ್ನೂ ಎರಡು ವರ್ಷಕ್ಕೆ ಕಿತ್ತುಹಾಕಿತ್ತು. ಕಾರಣ, "ದೇಶದಲ್ಲಿ ಕಾಳುಮೆಣಸಿನ ತೀವ್ರ ಕೊರತೆ". ಕೆಳಗೆ "ಸಾರ್ವಜನಿಕ ಹಿತದೃಷ್ಟಿಯಿಂದ, ವಿಶೇಷ ಅಧಿಕಾರ ಬಳಸಿ" ಎಂದು ಒಂದು ಸಹಿ. ಸಂಸತ್ತಿಲ್ಲ, ಚರ್ಚೆಯಿಲ್ಲ, ಒಂದು ಸಹಿ.

ಆ ದ್ವೀಪದಲ್ಲಿ ಬೆಳೆಯುವುದಕ್ಕಿಂತ ಹೆಚ್ಚು ಮೆಣಸು ಆ ದ್ವೀಪದಿಂದ ಬರುತ್ತದೆ ಎನ್ನುವುದು ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ಗುಟ್ಟು. ಬೇರೆಲ್ಲೋ ಬೆಳೆದದ್ದು ಅಲ್ಲಿ ಇಳಿದು, ಗೋಣಿ ಬದಲಿಸಿಕೊಂಡು ಇಲ್ಲಿಗೆ ಬರುತ್ತದೆ. ಕೀರ್ತಿ ಹೇಳಿದ ಪ್ರಕಾರ ಮೊದಲ ಹಡಗು ಬಂದರಿಗೆ ಬಂದು ನಿಂತಿದ್ದದ್ದು ಗುರುವಾರ. ಆದೇಶ ಹೊರಟದ್ದು ಶನಿವಾರ. ಆದೇಶ ಬರುತ್ತದೆಂದು ಹಡಗಿಗೆ ಯಾರು ಹೇಳಿದರು?

ಸೋಮವಾರ ದರ ಕಿಲೋಗೆ ತೊಂಬತ್ತು ರೂಪಾಯಿ ಬಿತ್ತು. ನಾನು ಮೆಣಸು ಕೊಡಲಿಲ್ಲ. ನನ್ನ ಹತ್ತಿರ ಇಲ್ಲ ಅಂತಲ್ಲ. ಇತ್ತು. ಎಷ್ಟಿತ್ತು ಎನ್ನುವುದು ನನಗೊಬ್ಬಳಿಗೇ ಗೊತ್ತಿತ್ತು. ಅದನ್ನು ಈಗಲೇ ಹೇಳಿಬಿಡುತ್ತೇನೆ, ಮುಂದೆ ಹೇಳಿದರೆ ಮುಚ್ಚಿಟ್ಟಂತಾಗುತ್ತದೆ.

ನಮ್ಮೂರು ಸೋಮವಾರಪೇಟೆಯಿಂದ ಶಾಂತಳ್ಳಿಗೆ ಹೋಗುವ ದಾರಿಯಲ್ಲಿದೆ. ಎಂಟು ಎಕರೆ ತೋಟ, ಇನ್ನೂ ಜಂಟಿ ಖಾತೆಯಲ್ಲೇ ಇದೆ. ಅರ್ಧ ನನ್ನ ಯಜಮಾನರದ್ದು, ಅಂದರೆ ಈಗ ನನ್ನದು. ಇನ್ನರ್ಧ ಅವರ ಅಣ್ಣ ಗಂಗಣ್ಣನವರದ್ದು. ಭಾವ ರಸ್ತೆ ಬದಿಯ ಹೊಸ ಮನೆಯಲ್ಲಿದ್ದಾರೆ, ನಾನು ತೋಟದೊಳಗಿನ ಹಳೇ ಮನೆಯಲ್ಲಿ. ಕಾಫಿ ಅವರು ನೋಡಿಕೊಳ್ಳುತ್ತಾರೆ, ಮೆಣಸು ನನ್ನ ಪಾಲಿನ ಕೆಲಸ. ಕೊಯ್ಲು ಮಾಡಿಸಿ, ಕಣದಲ್ಲಿ ಒಣಗಿಸಿ, ತೂಗಿ, ಅವರ ಅರ್ಧ ಕಳಿಸುವವಳು ನಾನು. ಯಜಮಾನರು ತೀರಿಕೊಂಡು, ಶಿವಗಣಾರಾಧನೆ ಮುಗಿದ ವಾರಕ್ಕೆ ಭಾವ ಜಗಲಿಯಲ್ಲಿ ಕೂತು, "ಏನೂ ಯೋಚ್ನೆ ಮಾಡ್ಬೇಡ ಸುಮಿತ್ರಾ, ಖರ್ಚಿಗೆ ಬೇಕಾದಾಗ ಕೇಳು, ಕೊಡ್ತೀನಿ" ಅಂದಿದ್ದರು. ಪ್ರೀತಿಯಿಂದಲೇ ಅಂದದ್ದು. ಆದರೆ ಆ "ಕೇಳು" ನನಗೆ ಚುಚ್ಚಿತು. ಏಣಿ ಹಿಡಿದು ನಿಂತು ಕೊಯ್ಯಿಸುವವಳು ನಾನು, ಕಣದಲ್ಲಿ ಮೋಡ ನೋಡಿ ಓಡುವವಳು ನಾನು, ಕೇಳಬೇಕಾದವಳೂ ನಾನೇನಾ?

ಆ ವರ್ಷ ಹತ್ತು ಮೂಟೆ ಆಯಿತು. ಏಳು ಅಂದೆ. "ಈ ಸಲ ಸೊರಗು ರೋಗ ಬಂದ್ಬಿಡ್ತು ಭಾವ." ಮುಂದಿನ ವರ್ಷ ಅಳಿಲು ತಿಂದವು. ಅದರ ಮುಂದಿನ ವರ್ಷ ಹೂ ಬಿಡುವ ಹೊತ್ತಿಗೆ ಮಳೆ ಕೈಕೊಟ್ಟಿತು. ವರ್ಷಕ್ಕೆ ಮೂರು ಮೂಟೆಯಂತೆ ಆರು ವರ್ಷದಲ್ಲಿ ಹದಿನೆಂಟು ಮೂಟೆ ಹಿಂಬದಿಯ ಬಾಣಂತಿ ಕೋಣೆ ಸೇರಿದವು. ಕಿಟಕಿಯಿಲ್ಲದ ಕೋಣೆ ಅದು, ಮನೆಯಲ್ಲಿ ಹೆರಿಗೆಗಳು ನಿಂತ ಮೇಲೂ ಯಾವ ಗಂಡಸೂ ಅತ್ತ ಹಣಕಿದ್ದಿಲ್ಲ. ಒಂದು ಮೂಟೆಯನ್ನೂ ನಾನು ಮಾರಲಿಲ್ಲ. ಮಾರಿದರೆ ಕೀರ್ತಿಗೆ ಮಾರಬೇಕು, ಇಲ್ಲವೇ ಕೀರ್ತಿಯಂಥ ಇನ್ನೊಬ್ಬನಿಗೆ. ಮಾರನೆಯ ದಿನವೇ ಭಾವನ ಕಿವಿಗೆ ಬೀಳುತ್ತಿತ್ತು. ಅದು ಅಲ್ಲಿದೆ, ನನ್ನದು, ಯಾರನ್ನೂ ಕೇಳಬೇಕಿಲ್ಲ ಎನ್ನುವ ನೆಮ್ಮದಿಯೊಂದೇ ಸಾಕಾಗಿತ್ತು. ಮೆಣಸು ಕೆಡುವುದಿಲ್ಲ ತಾನೇ.

ಇಷ್ಟು ತಿಳಿದ ಮೇಲೆ, ಆ ವಾರ ನಮ್ಮ ಬೆಳೆಗಾರರ ಸಂಘದ ಸಭೆಯಲ್ಲಿ ನಾನು ಎಷ್ಟು ಗಟ್ಟಿ ದನಿಯಲ್ಲಿ ಮಾತಾಡಿದೆ ಎನ್ನುವುದನ್ನು ನೆನೆದರೆ ನಿಮಗೆ ನಗು ಬರಬಹುದು. ಸಂಘಕ್ಕೆ ಭಾವ ಅಧ್ಯಕ್ಷರು, ನಾನು ಕಾರ್ಯದರ್ಶಿ. ನಲವತ್ತೊಂದು ಮನೆ. ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ. ಕೊರತೆ ಇದೆ ಅಂತ ದೆಹಲಿಗೆ ಹೇಳಿದವರು ಯಾರು?

"ಯಾರೋ ನಮ್ಮೋರೇ ಹೇಳಿರ್ಬೇಕು," ಅಂದೆ. "ಒಳಗಿನೋರು ಹೇಳ್ದೆ ಅಷ್ಟು ಧೈರ್ಯವಾಗಿ ಬರಿಯಕ್ಕಾಗಲ್ಲ."

ಪಕ್ಕದ ತೋಟದ ಮಂಜುನಾಥ ಮೀಸೆ ತಿರುವುತ್ತ, "ವ್ಯಾಪಾರಸ್ಥರು ಬಿಟ್ರೆ ಇನ್ಯಾರ್ ಹೇಳ್ತಾರೆ? ನಿಮ್ ಅಕ್ಕನ್ ಮಗ ಜೂನ್‌ನಲ್ಲೇ ಹಳೇ ರೈಸ್‌ಮಿಲ್ಲು ಗೋದಾಮು ಬಾಡಿಗೆಗೆ ಹಿಡ್ದಿದಾನಂತಲ್ಲ. ಯಾಕಂತೆ?" ಅಂದ.

ಎಲ್ಲರೂ ನನ್ನ ಮುಖ ನೋಡಿದರು. ನನ್ನ ಅನುಮಾನವನ್ನು ಬೇರೆಯವರು ಆಡಿದರೆ ನನಗೆ ಸಿಟ್ಟು ಬರುತ್ತದೆ. ಆದರೂ ಮಾರನೆಯ ದಿನವೇ ಬಸ್ಸು ಹತ್ತಿ ಕುಶಾಲನಗರಕ್ಕೆ ಹೋದೆ.

ಗೋದಾಮಿನ ಬಾಗಿಲಲ್ಲಿ ಕೀರ್ತಿ ನನ್ನನ್ನು ನೋಡಿ ತಡಬಡಾಯಿಸಿದ. ಕಾಫಿ ತರಿಸುತ್ತೇನೆ ಎಂದು ಹೊರಗೆ ಕರೆದ. ಹೊರಗೆ ಕರೆದನಲ್ಲ ಎಂದೇ ನಾನು ಒಳಗೆ ಹೋದೆ. ಛಾವಣಿಯ ಮಟ್ಟಕ್ಕೆ ಮೂಟೆ ಜೋಡಿಸಿದ್ದ. ಒಂದರ ಹೊಲಿಗೆಯ ಸಂದಿನಲ್ಲಿ ಬೆರಳು ಹಾಕಿ ನಾಲ್ಕು ಕಾಳು ತೆಗೆದು ಅಂಗೈಯಲ್ಲಿ ಆಡಿಸಿದೆ. ಹಗುರ. ಕಚ್ಚಿದೆ. ಖಾರ ನಾಲಿಗೆಯ ತುದಿಯಲ್ಲೇ ನಿಂತಿತು, ಗಂಟಲಿಗೆ ಇಳಿಯಲಿಲ್ಲ. ಮೇಜಿನ ಮೇಲಿದ್ದ ಲೀಟರ್ ಪಾತ್ರೆಗೆ ತುಂಬಿ ತೂಕಕ್ಕಿಟ್ಟೆ. ನಮ್ಮ ತೋಟದ ಮೆಣಸು ಲೀಟರಿಗೆ ಐನೂರ ಎಪ್ಪತ್ತು ಗ್ರಾಂ ತೂಗುತ್ತದೆ. ಇದು ಐನೂರನ್ನೂ ಮುಟ್ಟಲಿಲ್ಲ.

"ಇದು ನಮ್ ಕಡೇದಲ್ಲ," ಅಂದೆ.

"ಅಲ್ಲ."

"ಆರ್ಡರ್ ಬರೋದು ನಿಂಗೆ ಮೊದ್ಲೇ ಗೊತ್ತಿತ್ತು."

"ಗಾಳಿಮಾತು ಕೇಳಿದ್ದೆ ಚಿಕ್ಕಮ್ಮ. ಬಂದರಿನಲ್ಲಿ ಯಾವ್ದೋ ಹೊಸ ಕಂಪನಿ, ಹುಟ್ಟಿ ಮೂರು ತಿಂಗ್ಳಾಗಿಲ್ಲ, ಮುಕ್ಕಾಲು ಪರ್ಮಿಟ್ಟು ಅವ್ರಿಗೇ. ಜಾಗ ಬೇಕು ಅಂದ್ರು, ಹಿಡ್ದೆ. ನಾನ್ ಹಿಡೀಲಿಲ್ಲ ಅಂದ್ರೆ ಪಕ್ಕದೋನು ಹಿಡೀತಿದ್ದ."

"ಕೊರತೆ ಇದೆ ಅಂತ ಬರ್ದುಕೊಟ್ಟೋನೂ ನೀನೇನಾ?"

ಅವನು ಕಾಫಿ ಲೋಟ ಕೆಳಗಿಟ್ಟ. "ನಾನು ವ್ಯಾಪಾರಿ. ಕೊರತೆ ಇದೆ ಅಂತ ನಾನೇ ಹೇಳಿದ್ರೆ ನಿಮ್ಗೆ ಜಾಸ್ತಿ ದುಡ್ಡು ಕೊಡ್ಬೇಕಾಗುತ್ತಲ್ಲ? ಯಾವ ವ್ಯಾಪಾರಿ ಹಂಗೆ ಹೇಳ್ತಾನೆ?"

ಮಾತು ಸರಿಯಾಗಿತ್ತು. ಆದರೂ ನಾನು ನಂಬಲಿಲ್ಲ. ಅವತ್ತಿನಿಂದ ಅಕ್ಕನ ಮನೆಗೆ ಹೋಗುವುದನ್ನೂ ಬಿಟ್ಟೆ.

ಸಂಘದವರು ಹೈಕೋರ್ಟಿಗೆ ಹೋಗುವುದೆಂದು ತೀರ್ಮಾನಿಸಿದರು. ಕುಶಾಲನಗರದ ವಿನುತಾ ಎಂಬ ವಕೀಲೆ ಕೇಸು ತೆಗೆದುಕೊಂಡಳು. ಮೂವತ್ತು ದಾಟಿರದ ಹುಡುಗಿ, ಮಾತು ಕಡಿಮೆ, ಎದುರಿನವರು ಹೇಳಿದ್ದನ್ನು ಮತ್ತೆ ಕೇಳಿ ಬರೆದುಕೊಳ್ಳುವ ಅಭ್ಯಾಸ. ನನಗೆ ಹಿಡಿಸಿತು. ಎರಡು ತಿಂಗಳ ಓಡಾಟದ ಮೇಲೆ, ಕೋರ್ಟು ಕೇಳಿದ್ದಕ್ಕೆ ದೆಹಲಿಯವರು ತಮ್ಮ ಕಡತದ ನಕಲು ಹಾಜರುಪಡಿಸಿದರು. ಅದನ್ನು ಹಿಡಿದುಕೊಂಡು ವಿನುತಾ ನೇರ ನನ್ನ ಮನೆಗೇ ಬಂದಳು, ಸಂಘದ ಕಚೇರಿಗಲ್ಲ. ಯಾಕೆ ಮನೆಗೆ ಬಂದಳು ಎಂದು ನನಗೆ ಆಗಲೇ ಅನುಮಾನವಾಯಿತು.

"ಸುಮಿತ್ರಮ್ಮ, ಇದು ಯಾರ ಅಕ್ಷರ?" ಎಂದು ಒಂದು ಹಾಳೆ ಮುಂದಿಟ್ಟಳು.

ನನ್ನದೇ ಅಕ್ಷರ. ನಲವತ್ತೊಂದು ಹೆಸರು, ಎದುರಿಗೆ ಮೆಣಸಿನ ಇಳುವರಿ, ಕೆಳಗೆ ಭಾವನ ಸಹಿ, ಸಂಘದ ಮೊಹರು.

ನೆನಪಾಯಿತು. ಮೇ ತಿಂಗಳ ಕೊನೆಯಲ್ಲಿ ದೆಹಲಿಯಿಂದ ಸಂಘಕ್ಕೆ ಪತ್ರ ಬಂದಿತ್ತು. "ಗೌರವಾನ್ವಿತ ಕಾರ್ಯದರ್ಶಿಯವರಿಗೆ" ಎಂದು ಶುರುವಾಗಿತ್ತು. ಬೆಳೆಗಾರರ ಹಿತರಕ್ಷಣೆಗಾಗಿ ಹದಿನೈದು ದಿನದೊಳಗೆ ಇಳುವರಿಯ ಮಾಹಿತಿ ಕಳಿಸಿ ಎಂದಿತ್ತು. ಜನ್ಮದಲ್ಲಿ ದೆಹಲಿ ನನ್ನನ್ನು ಗೌರವಾನ್ವಿತ ಅಂದದ್ದು ಅದೇ ಮೊದಲು. ಹಾಲಿನವನ ನಗುವನ್ನು ನಂಬದವಳು ಆ ಪತ್ರವನ್ನು ನಂಬಿದೆ. ಕೊಡೆ ಹಿಡಿದು ಮನೆಮನೆಗೆ ಹೋಗಿ ಬರೆದುಕೊಂಡು ಬಂದೆ.

ಬರೆದುಕೊಂಡು ಬಂದದ್ದು ಏನು? ನಮ್ಮ ಕಡೆ ಫಸಲು ಎಷ್ಟಾಯಿತೆಂದು ಯಾರಾದರೂ ಕೇಳಿದರೆ ಇದ್ದದ್ದರ ಅರ್ಧ ಹೇಳುವುದು ರೂಢಿ. ಅದನ್ನು ಸುಳ್ಳು ಎಂದು ಯಾರೂ ಭಾವಿಸುವುದಿಲ್ಲ. ಪೂರ್ತಿ ಹೇಳಿದರೆ ಕಣ್ಣು ಬೀಳುತ್ತದೆ, ಕೆಲಸದವರು ಕೂಲಿ ಏರಿಸುತ್ತಾರೆ, ನೆಂಟರು ಕೈಗಡ ಕೇಳುತ್ತಾರೆ. ಕೇಳಿದವನಿಗೂ ಗೊತ್ತಿರುತ್ತದೆ, ಅವನು ಮನಸ್ಸಿನಲ್ಲೇ ದುಪ್ಪಟ್ಟು ಮಾಡಿಕೊಳ್ಳುತ್ತಾನೆ. ಮಂಜುನಾಥ ಇಪ್ಪತ್ತು ಮೂಟೆ ಬೆಳೆದು ಒಂಬತ್ತು ಅಂದಿದ್ದ. ಒಂಬತ್ತು ಎಂದೇ ಬರೆದಿದ್ದೆ. ದೆಹಲಿಯವರಿಗೆ ದುಪ್ಪಟ್ಟು ಮಾಡಿಕೊಳ್ಳಲು ಬರುವುದಿಲ್ಲ ಎನ್ನುವುದು ನಮಗೆ ಹೊಳೆಯಲೇ ಇಲ್ಲ. ಅಥವಾ ಬರುತ್ತಿತ್ತು, ಬೇಕಿರಲಿಲ್ಲ.

"ಇನ್ನೊಂದ್ ಪುಟ ನೋಡಿ," ಅಂದಳು ವಿನುತಾ. "ಇದು ಇಲಾಖೆ ಒಳಗಿನ ಟಿಪ್ಪಣಿ. ತಾರೀಕು ನೋಡಿ."

ಮೇ ಹನ್ನೊಂದು. ಮೆಣಸಿನ ಆಮದಿಗೆ ರಿಯಾಯಿತಿ ನೀಡುವುದೆಂದು ಮೇಲಿನಿಂದ ತೀರ್ಮಾನವಾಗಿದೆ, ಕೊರತೆಯನ್ನು ತೋರಿಸುವ ಅಂಕಿಅಂಶ ಒದಗಿಸುವುದು ಎಂದು ಎರಡೇ ಸಾಲು. ನಮಗೆ ಪತ್ರ ಬರೆದದ್ದು ಅದಾದ ಹನ್ನೆರಡು ದಿನಕ್ಕೆ. ನಮ್ಮ ಪಟ್ಟಿಯ ಮೇಲೆ ಯಾರೋ ಕೆಂಪು ಶಾಯಿಯಲ್ಲಿ "ಬೆಳೆಗಾರರೊಂದಿಗೆ ಸಮಾಲೋಚಿಸಲಾಗಿದೆ" ಎಂದು ಬರೆದಿದ್ದರು. ನನ್ನ ಕೊಡೆ, ನನ್ನ ಓಡಾಟ, ಎಲ್ಲವೂ ಸೇರಿ ಸಮಾಲೋಚನೆ ಆಗಿತ್ತು.

ಮೈ ಉರಿಯಿತು. "ಮೊದ್ಲು ತೀರ್ಮಾನ ಮಾಡಿ, ಆಮೇಲೆ ಕಾರಣ ಹುಡುಕಿದಾರೆ ಕಳ್ಳರು," ಅಂದೆ. ಅಂದ ಕೂಡಲೇ ಸೊರಗು ರೋಗವೂ ಅಳಿಲುಗಳೂ ನೆನಪಾದವು.

"ಈ ಟಿಪ್ಪಣಿ ನಮ್ ಕಡೆಗಿದೆ," ಅಂದಳು. "ಆದ್ರೆ ಅವ್ರ ವಕೀಲರು ಏನಂತಾರೆ ಗೊತ್ತಾ? ಕಾರಣ ಆಮೇಲೆ ಸಿಕ್ಕಿರ್ಬಹುದು, ಸಿಕ್ಕಿದ ಕಾರಣ ನಿಜ ತಾನೇ, ಬೆಳೆಗಾರರೇ ಸಹಿ ಹಾಕಿ ಕೊಟ್ಟಿದಾರಲ್ಲ ಅಂತಾರೆ. ಅದನ್ನ ಒಡೀಬೇಕು. ಈ ಲೆಕ್ಕ ಸುಳ್ಳು ಅಂತ ನೀವುಗಳೇ ಪ್ರಮಾಣಪತ್ರ ಹಾಕ್ಬೇಕು. ಮಾತಲ್ಲಿ ಹೇಳಿದ್ರೆ ಸಾಲದು. ಮಾರ್ದೆ ಉಳ್ಸಿರೋ ಹಳೇ ಮೆಣಸು ಯಾರ ಮನೇಲಿದೆಯೋ ಅದನ್ನ ನೋಟರಿ ಮುಂದೆ ತೋರಿಸಿ, ಫೋಟೋ ಹಾಕ್ಬೇಕು. ಕೊರತೆ ಇಲ್ಲ ಅನ್ನೋದಕ್ಕೆ ತುಂಬಿದ ಮೂಟೆಗಿಂತ ದೊಡ್ಡ ಸಾಕ್ಷಿ ಇಲ್ಲ."

ಹೋಗುವಾಗ ಬಾಗಿಲಲ್ಲಿ ನಿಂತು, "ನಿಮ್ಮನೇಲಿ ಇದೆಯಾ?" ಎಂದು ಕೇಳಿದಳು.

"ನಮ್ಮನೇಲಿ ಎಲ್ಲಿಂದ ಬರ್ಬೇಕು," ಅಂದೆ. ಅವಳು ಅದನ್ನು ಬರೆದುಕೊಳ್ಳಲಿಲ್ಲ.

ನವೆಂಬರ್ ಮೊದಲ ಭಾನುವಾರ ಸಂಘದ ಸಭೆ. ವಿನುತಾ ಎಲ್ಲವನ್ನೂ ಬಿಡಿಸಿ ಹೇಳಿದಳು. ಬುಧವಾರದೊಳಗೆ ಪ್ರಮಾಣಪತ್ರ ಬೇಕು, ಶುಕ್ರವಾರ ವಿಚಾರಣೆ. ನಿಜವಾದ ಇಳುವರಿ ಯಾರು ಹೇಳುತ್ತೀರಿ, ದಾಸ್ತಾನು ಯಾರು ತೋರಿಸುತ್ತೀರಿ ಎಂದು ಕೇಳಿದಳು.

ನಲವತ್ತೊಂದು ಮನೆಯವರು ನೆಲ ನೋಡತೊಡಗಿದರು. ಮಂಜುನಾಥನಿಗೆ ಮೊಬೈಲಿನಲ್ಲಿ ತುರ್ತು ಕೆಲಸ ಬಂತು. ಹಿಂದಿನ ಬೆಂಚಿನಿಂದ ಯಾರೋ, "ಕೋರ್ಟಿಗೆ ಹೇಳಿದ್ರೆ ಇನ್‌ಕಂ ಟ್ಯಾಕ್ಸ್‌ನೋರಿಗೂ ಗೊತ್ತಾಗುತ್ತಲ್ವಾ?" ಅಂದರು. ಒಬ್ಬರನ್ನೊಬ್ಬರು ಓರೆಗಣ್ಣಿನಲ್ಲಿ ನೋಡಿಕೊಂಡರು. ಪಕ್ಕದವನು ಎಷ್ಟು ಮುಚ್ಚಿಟ್ಟಿದ್ದಾನೆ ಎನ್ನುವ ಯೋಚನೆಯೇ ಎಲ್ಲರಿಗೂ.

ಆಗ ಭಾವ ಎದ್ದು ನಿಂತರು. ಎಪ್ಪತ್ತೊಂದು ವರ್ಷ, ಬಿಳಿ ಶರಟು, ಹಣೆಯ ಮೇಲೆ ಮೂರು ಬೆರಳಿನ ವಿಭೂತಿ.

"ನಾಚ್ಕೆ ಆಗ್ಬೇಕು ನಮ್ಗೆ," ಅಂದರು. "ದೆಹಲಿಯೋರು ಮೋಸ ಮಾಡಿದ್ರು ಅಂತ ಕೂಗಾಡ್ತೀವಿ. ಅವ್ರ ಕೈಗೆ ಸುಳ್ಳು ಕೊಟ್ಟೋರು ನಾವೇ. ಈ ಪಟ್ಟೀಲಿ ನಿಜ ಬರೆಸಿರೋದು ಒಂದೇ ಮನೆ. ನಮ್ಮನೆ. ಏಳು ಮೂಟೆ ಅಂದ್ರೆ ಏಳೇ. ಸುಮಿತ್ರ ತೂಗಿ ಕೊಟ್ಟಿರೋ ಲೆಕ್ಕ. ಮೊದ್ಲು ನಾನು ಪ್ರಮಾಣಪತ್ರ ಹಾಕ್ತೀನಿ, ಲಿಂಗ ಮುಟ್ಟಿ ಹೇಳ್ತೀನಿ. ನಮ್ ಎಂಟು ಎಕರೇಲಿ ಏಳು ಮೂಟೆ, ಮನೇಲಿ ಒಂದು ಕಾಳೂ ದಾಸ್ತಾನಿಲ್ಲ. ಅದನ್ನ ನೋಡಿ ನೀವೂ ನಿಜ ಹೇಳಿ."

ವಿನುತಾಳ ಪೆನ್ನು ನಿಂತಿತು. "ಗಂಗಣ್ಣನೋರೆ, ಅಧ್ಯಕ್ಷರೇ ಹಂಗೆ ಹೇಳ್ಬಿಟ್ರೆ ಕೊರತೆ ಇರೋದು ನಿಜ ಅಂತಾಗುತ್ತೆ. ಅವ್ರ ಕೇಸು ನಾವೇ ಗೆಲ್ಲಿಸಿಕೊಟ್ಟಂಗೆ."

"ಗೆಲ್ಲಲಿ ಬಿಡ್ಲಿ, ನಾನ್ ಸುಳ್ಳು ಹೇಳಲ್ಲ," ಅಂದರು ಭಾವ. "ಬುಧವಾರ ಬರ್ತೀನಿ ನಿಮ್ಮ ಆಫೀಸಿಗೆ."

ಎಷ್ಟೋ ಜನರ ಮೇಲೆ ಅನುಮಾನಪಟ್ಟಿದ್ದೇನೆ, ಈ ಮನುಷ್ಯ ನನ್ನ ಮೇಲೆ ಒಂದು ದಿನವೂ ಪಟ್ಟಿರಲಿಲ್ಲ. ಆ ನಂಬಿಕೆಯನ್ನೇ ಹಿಡಿದು ಈಗ ಕೋರ್ಟಿಗೆ ಹೊರಟಿದ್ದರು, ನನ್ನ ಸುಳ್ಳನ್ನು ತಮ್ಮ ಲಿಂಗದ ಮೇಲೆ ಇಟ್ಟು. ಸುಮ್ಮನಿದ್ದರೆ ನನ್ನ ಹದಿನೆಂಟು ಮೂಟೆ ಉಳಿಯುತ್ತಿತ್ತು. ನಲವತ್ತೊಂದು ಮನೆಯ ಬಳ್ಳಿ ಹೋಗುತ್ತಿತ್ತು, ಭಾವನ ಮಾತೂ ಹೋಗುತ್ತಿತ್ತು. ಬಾಯಿ ಬಿಟ್ಟರೆ ಹೋಗುವುದು ನಾನೊಬ್ಬಳೇ.

ಎರಡು ದಿನ ಕಾರಣ ಹುಡುಕಿದೆ. ತಾಯಿಯ ಮನೆಯಿಂದ ಬಂದ ಮೆಣಸು ಅನ್ನೋಣವೇ? ಕೀರ್ತಿ ಇಡಲು ಕೊಟ್ಟದ್ದು ಅನ್ನೋಣವೇ? ಕೀರ್ತಿಯ ಮೇಲೆ ಹಾಕುವುದು ಸುಲಭವಿತ್ತು, ಎಲ್ಲರೂ ನಂಬುತ್ತಿದ್ದರು. ಫೋನ್ ಕೈಗೆತ್ತಿಕೊಂಡದ್ದೂ ಉಂಟು. ಅವನು "ಹೇಳಿ ಚಿಕ್ಕಮ್ಮ" ಅಂದ. "ಅಕ್ಕ ಹೇಗಿದಾಳೆ?" ಎಂದು ಕೇಳಿ ಇಟ್ಟೆ.

ಮಂಗಳವಾರ ಬೆಳಿಗ್ಗೆ ಭಾವ ಪೂಜೆ ಮುಗಿಸಿ ಕಾಫಿ ಕುಡಿಯುವ ಹೊತ್ತಿಗೆ ಹೋಗಿ, "ಸ್ವಲ್ಪ ಮನೆ ಕಡೆ ಬನ್ನಿ ಭಾವ" ಅಂದೆ. ಏನು ಎತ್ತ ಕೇಳದೆ ಚಪ್ಪಲಿ ಮೆಟ್ಟಿಕೊಂಡು ಬಂದರು. ದಾರಿಯುದ್ದಕ್ಕೂ ರೊಬಸ್ಟಾ ಕಾಫಿ ಹಣ್ಣಾಗುವುದು ಈ ಸಲ ತಡ ಎಂದು ಮಾತಾಡಿದರು. ಬಾಣಂತಿ ಕೋಣೆಯ ಹತ್ತಿರ ಬಂದಾಗ ಹೆಜ್ಜೆ ಹಿಂದೆ ಇಟ್ಟರು. ಆ ಕಡೆ ಹೋಗಬಾರದು ಎಂಬ ಚಿಕ್ಕಂದಿನ ಅಭ್ಯಾಸ. ನಾನು ಬೀಗ ತೆಗೆದು ಲೈಟು ಹಾಕಿದೆ.

ಪ್ರತಿ ಮೂಟೆಯ ಮೇಲೂ ಇಸವಿ ಬರೆದಿದ್ದೆ. ಭಾವ ಕನ್ನಡಕ ಸರಿಮಾಡಿಕೊಂಡು ಒಂದೊಂದೇ ಓದಿದರು. ಎಣಿಸಿದರು. ಒಂದು ಮೂಟೆಗೆ ಕೈ ಹಚ್ಚಿ, ಅದುಮಿ, ಮೂಸಿ ನೋಡಿದರು. ಒಳ್ಳೆಯ ಮೆಣಸು ಎನ್ನುವುದು ಅವರಿಗೆ ತಿಳಿಯಿತು.

"ಯಾರ್ದಿದು?"

"ನಮ್ದೇ. ವರ್ಷಕ್ಕೆ ಮೂರು. ನಾನೇ ತೆಗ್ದಿಟ್ಟೆ."

"ಸೊರಗು ರೋಗ?"

"ಬಂದಿರ್ಲಿಲ್ಲ ಭಾವ."

ಬೈಯಲಿ ಎಂದು ಕಾದೆ. ಬೈದರೆ ಉತ್ತರ ಕೊಡಲು ಆರು ವರ್ಷದ ಮಾತು ನನ್ನಲ್ಲಿ ಸಿದ್ಧವಾಗಿತ್ತು.

"ಕೇಳಿದ್ರೆ ಕೊಡ್ತಿರ್ಲಿಲ್ವಾ ನಾನು?" ಅಂದರು.

"ಕೇಳ್ಬೇಕಾಗಿತ್ತಲ್ಲ ಭಾವ."

ಅವರು ನನ್ನ ಮುಖ ನೋಡಿದರು. ಅರ್ಥವಾಯಿತೋ ಇಲ್ಲವೋ ಗೊತ್ತಾಗಲಿಲ್ಲ. ಹೊರಗೆ ಹೋಗಿ ಜಗಲಿಯಲ್ಲಿ ಕೂತರು. ನೀರು ಕೊಟ್ಟೆ, ಕುಡಿಯಲಿಲ್ಲ. ಆಮೇಲೆ ತಾವೇ ವಿನುತಾಳಿಗೆ ಫೋನ್ ಮಾಡಿ, "ನೋಟರಿನ ಕರ್ಕೊಂಡ್ ಬನ್ನಿ. ನಮ್ಮನೇಲಿ ಹದಿನೆಂಟು ಮೂಟೆ ಇದೆ. ಯಾರ್ದು ಅಂತ ಕೇಳಿದ್ರೆ ಜಂಟಿ ಅಂತ ಬರ್ಕೊಳಿ" ಅಂದರು. ಅಷ್ಟು ಹೇಳಿ ರಸ್ತೆಯ ಕಡೆ ನಡೆದರು.

ಅಧ್ಯಕ್ಷರ ಮನೆಯಲ್ಲೇ ಸಿಕ್ಕಿತಂತೆ ಎಂಬ ಸುದ್ದಿ ಮಧ್ಯಾಹ್ನದೊಳಗೆ ಊರಿಗೆಲ್ಲ ಗೊತ್ತಾಯಿತು. ಅದು ಗೊತ್ತಾದದ್ದೇ ತಡ, ಉಳಿದ ಮನೆಗಳ ಬಾಗಿಲೂ ತೆರೆದವು. ಮಂಚದ ಕೆಳಗಿನಿಂದ, ಅಟ್ಟದ ಮೇಲಿನಿಂದ, ಒಬ್ಬರ ಮನೆಯಲ್ಲಂತೂ ಕೆಟ್ಟುಹೋದ ಫ್ರಿಜ್ಜಿನೊಳಗಿಂದ ಮೆಣಸು ಹೊರಬಂತು. ಮಂಜುನಾಥನ ಹೆಂಡತಿಗೆ ಗೊತ್ತಿಲ್ಲದ ಐದು ಮೂಟೆ ಮಂಜುನಾಥನ ಹತ್ತಿರ, ಮಂಜುನಾಥನಿಗೆ ಗೊತ್ತಿಲ್ಲದ ಎರಡು ಅವನ ಹೆಂಡತಿಯ ಹತ್ತಿರ ಇದ್ದವು. ನೋಟರಿ ಬುಧವಾರ ಸಂಜೆಯವರೆಗೆ ಫೋಟೋ ತೆಗೆಸಿ ಸುಸ್ತಾದರು. ಒಂದೇ ಊರಿನಲ್ಲಿ ಮುನ್ನೂರ ಇಪ್ಪತ್ತು ಮೂಟೆ.

ಶುಕ್ರವಾರ ನ್ಯಾಯಾಧೀಶರು ಫೋಟೋಗಳನ್ನೂ ಮೇ ಹನ್ನೊಂದರ ಟಿಪ್ಪಣಿಯನ್ನೂ ಪಕ್ಕಪಕ್ಕ ಇಟ್ಟುಕೊಂಡು ಓದಿದರಂತೆ. ಕಾರಣವನ್ನು ಹುಡುಕಿ ತಂದು ಅಂಟಿಸಿದ ಆದೇಶಕ್ಕೆ ಕಾನೂನಿನಲ್ಲಿ ಜಾಗವಿಲ್ಲ ಎಂದು ಮೊದಲು ತಡೆಯಾಜ್ಞೆ, ಡಿಸೆಂಬರಿನಲ್ಲಿ ಪೂರ್ತಿ ರದ್ದು. ಸಂಘದಲ್ಲಿ ಪಟಾಕಿ ಹೊಡೆದರು. ಕೀರ್ತಿ ಫೋನ್ ಮಾಡಿ, "ಗೋದಾಮು ಖಾಲಿ ಮಾಡ್ತಿದೀನಿ ಚಿಕ್ಕಮ್ಮ, ಈಗಾದ್ರೂ ಮಾತಾಡ್ತೀರಾ?" ಅಂದ. ಮಾತಾಡಿದೆ. ಅವನ ವಿಷಯದಲ್ಲಿ ತಪ್ಪು ನನ್ನದೇ ಆಗಿತ್ತು.

ಮೂರು ವಾರ ಕಳೆಯುವುದರೊಳಗೆ ಇನ್ನೊಂದು ಆದೇಶ ಬಂತು. ಮತ್ತೆ ಶನಿವಾರ, ಮತ್ತೆ ಸಂಜೆ. ಈ ಸಲ "ಕೊರತೆ" ಎಂಬ ಪದ ಎಲ್ಲೂ ಇರಲಿಲ್ಲ. "ಗ್ರಾಹಕರ ಹಿತದೃಷ್ಟಿಯಿಂದ ಬೆಲೆ ನಿಯಂತ್ರಣ" ಎಂದಿತ್ತು. ಸಹಿ ಅದೇ. ಬೆಳೆಗಾರರು ತಮ್ಮ ಆಕ್ಷೇಪಣೆಯನ್ನು ಈ ಸಾಲಿನ ಇಳುವರಿಯ ಲೆಕ್ಕದೊಂದಿಗೆ ಸಲ್ಲಿಸಬಹುದು ಎಂದು ಕೊನೆಗೊಂದು ಸಾಲು. ಆ ಸಾಲನ್ನು ನಾನು ಹತ್ತು ಸಲ ಓದಿದೆ. ಹಿಂದೆ ಸುಳ್ಳು ಲೆಕ್ಕ ಕೊಟ್ಟವರು ಎಂದು ಈಗಾಗಲೇ ಕೋರ್ಟಿನ ಕಾಗದದಲ್ಲಿ ನಾವೇ ಒಪ್ಪಿಕೊಂಡಿದ್ದೇವೆ. ಈಗ ಕೊಡುವ ನಿಜವನ್ನು ಯಾರು ನಂಬುತ್ತಾರೆ?

ವಿನುತಾ ಅದಕ್ಕೊಂದು ದಾರಿ ಹೇಳಿದಳು. ಕೊಯ್ಲು ಮುಗಿದು ಮೆಣಸು ಒಣಗಿದ ಮೇಲೆ ಪ್ರತಿ ಮನೆಯ ಕಣದಲ್ಲೂ ಇಬ್ಬರು ಸಾಕ್ಷಿಗಳ ಎದುರು ತೂಕ ಆಗಬೇಕು.

ಮಾರ್ಚ್ ಹದಿನೆಂಟಕ್ಕೆ ನಮ್ಮ ಕಣದ ಸರದಿ ಬಂತು. ಸಾಕ್ಷಿಗೆ ಮಂಜುನಾಥ ಒಬ್ಬ, ಭಾವ ಇನ್ನೊಬ್ಬರು. ನವೆಂಬರಿನಿಂದ ಭಾವ ನನ್ನ ಮೇಲೆ ಒಮ್ಮೆಯೂ ದನಿ ಎತ್ತಿಲ್ಲ. ಎತ್ತಿದ್ದರೆ ಚೆನ್ನಾಗಿತ್ತು. ಹಬ್ಬಕ್ಕೆ ಕರೆದಿದ್ದಾರೆ, ಎಲೆ ಹಾಕಿ ಬಡಿಸಿದ್ದಾರೆ, ಹದಿನೆಂಟು ಮೂಟೆ ಮಾರಿದ ದುಡ್ಡಿನಲ್ಲಿ ನನ್ನ ಅರ್ಧ ಕಳಿಸಿದ್ದಾರೆ. ಖರ್ಚಿಗೆ ಬೇಕಾದಾಗ ಕೇಳು ಅನ್ನುವುದನ್ನು ಮಾತ್ರ ಬಿಟ್ಟಿದ್ದಾರೆ.

ಅವತ್ತು ಅವರು ಮನೆಯಿಂದಲೇ ಪ್ಲಾಸ್ಟಿಕ್ ಕುರ್ಚಿ ತರಿಸಿ ತೂಕದ ಯಂತ್ರದ ಪಕ್ಕದಲ್ಲಿ ಹಾಕಿಸಿಕೊಂಡು ಕೂತರು. ಒಂದೊಂದು ಮೂಟೆಯನ್ನೂ ನಾನು ಮತ್ತು ಕೆಲಸದವಳು ಎತ್ತಿ ಇಟ್ಟೆವು. ನಾನು ತೂಕ ಓದಿದೆ, ಮಂಜುನಾಥ ಬರೆದುಕೊಂಡ. ಫಸಲು ಚೆನ್ನಾಗಿತ್ತು, ಹನ್ನೊಂದು ಮೂಟೆ. ಒಂದು ಕಾಳನ್ನೂ ನಾನು ಆಚೀಚೆ ಮಾಡಿರಲಿಲ್ಲ. ಅದು ಅವರಿಗೆ ಗೊತ್ತಾಗಲಿ ಎಂದು ಪ್ರತಿ ಸಲವೂ ಸ್ವಲ್ಪ ಗಟ್ಟಿಯಾಗಿಯೇ ಓದುತ್ತಿದ್ದೆ.

ಹನ್ನೊಂದನೆಯದು ಇಟ್ಟೆ. "ಐವತ್ತು ಕೆಜಿ ಇನ್ನೂರು ಗ್ರಾಂ," ಅಂದೆ.

ಭಾವ ಕುರ್ಚಿಯಿಂದ ಎದ್ದರು. ಬಗ್ಗಿ, ಕನ್ನಡಕ ಏರಿಸಿ, ಅಂಕಿ ನೋಡಿದರು. ಅಲ್ಲಿ ಐವತ್ತು ಇನ್ನೂರು ಎಂದೇ ಇತ್ತು.

"ಇಳ್ಸಿ, ಇನ್ನೊಂದ್ಸಲ ಇಡು ಸುಮಿತ್ರಾ," ಅಂದರು. ದನಿಯಲ್ಲಿ ಸಿಟ್ಟಿರಲಿಲ್ಲ.

ಮಂಜುನಾಥ ಬೇರೆ ಕಡೆ ನೋಡಿದ. ಅವರ ಜಾಗದಲ್ಲಿ ನಾನಿದ್ದರೂ ಹಾಗೇ ಹೇಳುತ್ತಿದ್ದೆ. ಮೂಟೆ ಇಳಿಸಿ, ಮತ್ತೆ ಎತ್ತಿ ಇಟ್ಟೆ. ಈ ಸಲ ತೂಕ ನಾನು ಓದಲಿಲ್ಲ, ಅವರೇ ಓದಿಕೊಂಡರು.